ಬ್ಯಾಂಕಾಕಿನಲ್ಲಿ ಆಯಿಯ ಜೊತೆ, ನದಿಯ ದಾರಿ ಹಿಡಿದು

"ಅರಮನೆ ಈಗ ಮುಚ್ಚಿದೆ, ಪೂಜೆ ನಡೆಯುತ್ತಿದೆ. ಮಧ್ಯಾಹ್ನ ಒಂದು ಗಂಟೆಗೆ ತೆರೆಯುತ್ತದೆ." ಹೀಗೆಂದ ಮನುಷ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ, ನಗುತ್ತಿದ್ದ. ಅರಮನೆಯ ಬಿಳಿ ಗೋಡೆ ನಮ್ಮ ಎದುರಿಗೇ ಇತ್ತು. ಗೇಟಿನ ತನಕ ಇನ್ನೂರು ಹೆಜ್ಜೆ ನಡೆದು ನೋಡಿದ್ದರೆ ಮುಗಿಯುತ್ತಿತ್ತು. ನಾನು ನಡೆಯಲಿಲ್ಲ. ಅವನೇ ಕರೆದ ಟುಕ್‌ಟುಕ್‌ ಹತ್ತಿದೆವು, ಬರೀ 20 ಬಾತ್‌, ಊರೆಲ್ಲ ತೋರಿಸುತ್ತಾನಂತೆ. ತೋರಿಸಿದ್ದು ಒಂದು ಸಣ್ಣ ದೇವಾಲಯ, ಒಂದು ದರ್ಜಿ ಅಂಗಡಿ, ಒಂದು ಹರಳಿನ ಅಂಗಡಿ. ಹರಳಿನ ಅಂಗಡಿಯ ತಂಪಿನಲ್ಲಿ ಕುಳಿತು ಆಯಿ, ಅಂದರೆ ನನ್ನ ಅಮ್ಮ, ಕೇಳಿದಳು: "ಅಪ್ಪೀ, ನಾವು ದೇವರು ನೋಡಲು ಬಂದದ್ದೋ, ಉಂಗುರ ನೋಡಲು ಬಂದದ್ದೋ?" ಈ ಮೋಸ ಬ್ಯಾಂಕಾಕಿನಲ್ಲಿ ಎಷ್ಟು ಹಳೆಯದೆಂದರೆ ಅದರ ಬಗ್ಗೆ ನಾನೇ ಓದಿಕೊಂಡು ಹೋಗಿದ್ದೆ. ಓದಿದವನೇ ಹತ್ತಿ ಕುಳಿತಿದ್ದೆ. ಅರಮನೆ ರಾಜಮನೆತನದ ಸಮಾರಂಭಗಳಿಗಾಗಿ ಮುಚ್ಚುವುದು ನಿಜ, ಆದರೆ ಅದನ್ನು ಗೇಟಿನಲ್ಲಿರುವ ಸಿಬ್ಬಂದಿ ಹೇಳಬೇಕು, ರಸ್ತೆಯಲ್ಲಿ ಸಿಕ್ಕವರಲ್ಲ.

ಆಯಿಗೆ ಎಪ್ಪತ್ತು ದಾಟಿದೆ, ಎಡ ಮಂಡಿ ನೋವು, ಮೀನು-ಮೊಟ್ಟೆ ಮುಟ್ಟುವವಳಲ್ಲ. ಹೊನ್ನಾವರದ ಕಡೆಯವಳು; ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವಳು. ಇಂಥವಳನ್ನು ಕರೆದುಕೊಂಡು ದಿನಕ್ಕೆ ಐದು ಜಾಗ ನೋಡುವ ಪಟ್ಟಿಯನ್ನು ನಾನು ಬೆಂಗಳೂರಿನಲ್ಲೇ ಕುಳಿತು ತಯಾರಿಸಿದ್ದೆ. ಮೊದಲ ದಿನದ ಸಂಜೆ, ಟ್ಯಾಕ್ಸಿಯೊಳಗೆ ಮುಕ್ಕಾಲು ಗಂಟೆ ಒಂದೇ ಸಿಗ್ನಲ್‌ ನೋಡುತ್ತ ಕುಳಿತಾಗ, ಆ ಪಟ್ಟಿಯ ಆಸೆ ಬಿಟ್ಟೆ. ಮರುದಿನದಿಂದ ಎರಡೇ ನಿಯಮ: ಹೋಗುವುದಾದರೆ ದೋಣಿಯಲ್ಲಿ ಅಥವಾ ಮೇಲುರೈಲಿನಲ್ಲಿ, ದೊಡ್ಡದನ್ನು ನೋಡುವುದಾದರೆ ಬೆಳಿಗ್ಗೆ, ದಿನಕ್ಕೊಂದೇ.

ಇದಕ್ಕೆ ಒದಗಿಬಂದದ್ದು ನಾವು ಉಳಿದಿದ್ದ ಜಾಗ. ಅದೃಷ್ಟ ಎನ್ನಬೇಕು, ಬಾಡಿಗೆ ಕಡಿಮೆಯೆಂದು ಹಿಡಿದ ಕೋಣೆ ಸಫಾನ್‌ ತಕ್ಸಿನ್‌ ನಿಲ್ದಾಣದ ಹತ್ತಿರವಿತ್ತು. ಬಿಟಿಎಸ್‌ ಮೇಲುರೈಲು ಮತ್ತು ಚಾವೊ ಫ್ರಾಯಾ ನದಿಯ ದೋಣಿಗಳು ಕೂಡುವುದು ಅಲ್ಲಿಯೇ. ನಿಲ್ದಾಣದ ಮೆಟ್ಟಿಲಿಳಿದರೆ ಸಾಥೋನ್‌ ದೋಣಿಕಟ್ಟೆ. ಅಲ್ಲಿ ಪ್ರವಾಸಿಗರ ದೋಣಿಯ ಟಿಕೆಟ್‌ ಮಾರುವವರು ಮೊದಲು ಎದುರಾಗುತ್ತಾರೆ. ಅದೂ ಕೆಟ್ಟದ್ದೇನಲ್ಲ, ಆದರೆ ಊರಿನವರು ಹತ್ತುವುದು ಕಿತ್ತಳೆ ಬಾವುಟದ ದೋಣಿ. ಎಲ್ಲಿಗೆ ಹೋದರೂ 16 ಬಾತ್‌, ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿಯೊಳಗೆ. ಹಿಂಬದಿಯಲ್ಲಿ ನಿಂತವನು ಸಿಳ್ಳೆ ಹಾಕುತ್ತಾನೆ, ಆ ಸಿಳ್ಳೆಯ ಮೇಲೆಯೇ ಚಾಲಕ ದೋಣಿಯನ್ನು ಕಟ್ಟೆಗೆ ತಾಗಿಸುತ್ತಾನೆ. ನಿಲ್ಲುವುದು ಅರೆಗಳಿಗೆ. ಮಂಡಿ ನೋವಿದ್ದವರು ಮೊದಲೇ ಎದ್ದು ಹಿಂಬದಿಗೆ ಬಂದು ನಿಂತಿರಬೇಕು. ಕೈ ಚಾಚಿದರೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ನಿರ್ವಾಹಕಿ ಉದ್ದನೆಯ ತಗಡಿನ ಕೊಳವೆಯನ್ನು ಟಕಟಕ ಬಡಿಯುತ್ತ ಬರುತ್ತಾಳೆ, ಚಿಲ್ಲರೆಯೂ ಟಿಕೆಟ್ಟೂ ಅದರೊಳಗೇ. ಭಿಕ್ಷುಗಳಿಗೆ ಮೀಸಲಾದ ಜಾಗ ಬಿಟ್ಟು ಬೇರೆಲ್ಲಾದರೂ ಕುಳಿತುಕೊಳ್ಳಿ.

ದೋಣಿಕಟ್ಟೆಗಳ ಹೆಸರು ಓದುವುದು ಆಯಿಗೆ ಆಟವಾಯಿತು. ಫ್ರಾ ಆತಿತ್‌ ಅಂದರೆ ನಮ್ಮ ಆದಿತ್ಯ. ವಾರಗಳೂ ಹಾಗೆಯೇ: ಆತಿತ್‌, ಚನ್‌, ಅಂಗ್‌ಖಾನ್‌, ಫುತ್‌. ಆದಿತ್ಯ, ಚಂದ್ರ, ಅಂಗಾರಕ, ಬುಧ. ಮಾರುಕಟ್ಟೆಯಲ್ಲಿ ಚೊಂಫೂ ಎಂದು ಕೊಟ್ಟ ಕೆಂಪು ಹಣ್ಣನ್ನು ಕಚ್ಚಿದವಳೇ "ಇದು ನಮ್ಮ ಜಂಬುಹಣ್ಣು!" ಅಂದಳು. ಹೆಸರೂ ಅದೇ, ಹಣ್ಣೂ ಅದೇ.

ಮರುದಿನ ಬೆಳಿಗ್ಗೆ ಎಂಟೂ ಕಾಲಿಗೆ ತಾ ಚಾಂಗ್‌ ಕಟ್ಟೆಯಲ್ಲಿ ಇಳಿದು, ಯಾರ ಮುಖವನ್ನೂ ನೋಡದೆ ಅರಮನೆಯ ಗೇಟಿಗೆ ನಡೆದೆವು. ಎಂಟೂವರೆಗೆ ತೆರೆಯಿತು. ವಿದೇಶಿಯರಿಗೆ 500 ಬಾತ್‌. ಕಡಿಮೆಯಲ್ಲ, ಆದರೆ ಈ ಊರಿನಲ್ಲಿ ಒಂದೇ ಕಡೆ ದುಡ್ಡು ಕೊಡುವುದಾದರೆ ಇಲ್ಲಿ ಕೊಡಿ. ತೋಳು, ಮಂಡಿ ಮುಚ್ಚಿರಬೇಕು. ಸೀರೆಯುಟ್ಟ ಆಯಿಯನ್ನು ಯಾರೂ ತಡೆಯಲಿಲ್ಲ, ಅರ್ಧ ಚಡ್ಡಿಯ ಯುವಕರ ಸಾಲು ಪಕ್ಕದಲ್ಲಿ ಪೈಜಾಮ ಹುಡುಕುತ್ತಿತ್ತು.

ಥಾಯಿ ರಾಜ ಒಂದನೆಯ ರಾಮ 1782ರಲ್ಲಿ ರಾಜಧಾನಿಯನ್ನು ನದಿಯ ಈ ದಡಕ್ಕೆ ತಂದಾಗ ಶುರುವಾದ ಅರಮನೆ ಇದು. ಒಳಗಿರುವ ವಾಟ್‌ ಫ್ರಾ ಕೇವ್‌ ದೇವಾಲಯದ ಬುದ್ಧನನ್ನು ಪಚ್ಚೆಯ ಬುದ್ಧ ಎನ್ನುತ್ತಾರೆ, ಕಲ್ಲು ಹಸಿರು ಜೇಡ್‌. ಎತ್ತರ 66 ಸೆಂಟಿಮೀಟರ್‌ ಅಷ್ಟೇ, ಕೂರಿಸಿರುವುದು ಬಹಳ ಮೇಲೆ. ವರ್ಷಕ್ಕೆ ಮೂರು ಸಲ, ಬೇಸಿಗೆ, ಮಳೆ, ಚಳಿಗೆಂದು ಅವನ ಉಡುಪು ಬದಲಾಗುತ್ತದೆ, ಬದಲಿಸುವವನು ರಾಜ. ನಾವು ಹೋದದ್ದು ಡಿಸೆಂಬರ್‌, ಮೈತುಂಬ ಚಿನ್ನದ ಜಾಲರಿ ಹೊದ್ದಿದ್ದ. ಹೊರಗೆ ಬೆವರು ಇಳಿಯುತ್ತಿತ್ತು. "ಚಳಿ ಎಲ್ಲಿದೆಯಪ್ಪಾ ಇವನಿಗೆ" ಎಂದು ಆಯಿ ಮೆಲ್ಲಗೆ ಅಂದಳು. ಒಳಗೆ ಫೋಟೊ ತೆಗೆಯುವಂತಿಲ್ಲ, ಕುಳಿತಾಗ ಪಾದ ಬುದ್ಧನ ಕಡೆ ಚಾಚುವಂತಿಲ್ಲ. ಮಂಡಿ ಮಡಚಲಾಗದ ಆಯಿ ಬಾಗಿಲ ಬದಿಯಲ್ಲಿ ನಿಂತೇ ಕೈಮುಗಿದಳು.

ಹೆಚ್ಚಿನವರು ಇಷ್ಟು ನೋಡಿ ಹೊರಡುತ್ತಾರೆ. ನಾವು ಎರಡು ಗಂಟೆ ಕಳೆದದ್ದು ಸುತ್ತಲಿನ ಮೊಗಸಾಲೆಯಲ್ಲಿ. ಅಲ್ಲಿ ಥಾಯಿ ರಾಮಾಯಣವಾದ ರಾಮಕಿಯನ್‌ 178 ಅಂಕಣಗಳಲ್ಲಿ ಗೋಡೆಯುದ್ದಕ್ಕೂ ನಡೆಯುತ್ತದೆ. ಉತ್ತರದ ಬಾಗಿಲಿನಿಂದ ಶುರು ಮಾಡಿ ಪ್ರದಕ್ಷಿಣೆಯಾಗಿ ನೋಡಬೇಕು. ಮೊದಲ ಚಿತ್ರದಲ್ಲಿ ಜನಕನಿಗೆ ಸೀತೆ ಸಿಗುತ್ತಾಳೆ. ನೆರಳಿದೆ, ಕೂರಲು ಕಟ್ಟೆಯಿದೆ, ಜನ ಕಡಿಮೆ. ರಾವಣ ಇಲ್ಲಿ ತೊಸಕನ್‌, ಅಂದರೆ ದಶಕಂಠ, ಮೈಬಣ್ಣ ಹಸಿರು. ಆಯಿಗೆ ಯಾರೂ ವಿವರಿಸಬೇಕಾಗಲಿಲ್ಲ, ವೇಷ ನೋಡಿಯೇ ಪಾತ್ರ ಹೇಳುತ್ತ ಹೋದಳು. ಒಂದು ಕಡೆ ಮಾತ್ರ ನಿಂತಳು. ಬೆಟ್ಟದಷ್ಟು ಬೆಳೆದ ಬಿಳಿಯ ಹನುಮಂತ, ಬಾಯೊಳಗೆ ಒಂದು ಮಂಟಪ. ಮೈರಾವಣ ಬಂದು ರಾಮನನ್ನು ಕದ್ದೊಯ್ಯದಂತೆ ಅವನು ಬಿಡಾರವನ್ನೇ ಬಾಯಲ್ಲಿ ಇಟ್ಟುಕೊಂಡಿದ್ದಾನೆ. "ಮೈರಾವಣ ಕಾಳಗ! ನಮ್ಮಲ್ಲಿ ಬಾಲದ ಕೋಟೆ, ಇವರಲ್ಲಿ ಬಾಯಿಯೇ ಕೋಟೆ" ಎಂದು ಹಿಗ್ಗಿದಳು. ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಇಲ್ಲಿನ ಹನುಮಂತ ಬ್ರಹ್ಮಚಾರಿಯಲ್ಲ, ರಾವಣನ ಮಗಳಾದ ಮತ್ಸ್ಯಕನ್ಯೆ ಸುವರ್ಣಮಚ್ಛೆಯನ್ನು ಒಲಿಸಿಕೊಂಡವನು ಎಂದು ನಾನು ಹೇಳಬಾರದಿತ್ತು. ಆಮೇಲೆ ಮೂರು ಅಂಕಣಗಳ ತನಕ ಅವಳು ಮಾತಾಡಲಿಲ್ಲ.

ಅದರ ಮಾರನೆಯ ದಿನ ವಾಟ್‌ ಫೋ. 46 ಮೀಟರ್‌ ಉದ್ದದ ಮಲಗಿದ ಬುದ್ಧನನ್ನು ಒಂದೇ ನೋಟಕ್ಕೆ ಹಿಡಿಯಲಾಗುವುದಿಲ್ಲ. ಪಾದದ ಕಡೆಗೆ ಹೋಗಿ, ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿದ 108 ಮಂಗಳ ಚಿಹ್ನೆಗಳನ್ನು ನೋಡಿ. ಅಲ್ಲಿಂದ ತಾ ತಿಯೆನ್‌ ಕಟ್ಟೆಗೆ ನಾಲ್ಕು ಹೆಜ್ಜೆ, ಎದುರು ದಡದಲ್ಲಿ ವಾಟ್‌ ಅರುಣ್‌. ದಾಟುದೋಣಿಗೆ 5 ಬಾತ್‌. ಎಲ್ಲರೂ ಅದನ್ನು ಸೂರ್ಯಾಸ್ತಕ್ಕೆ ನೋಡಿ ಎನ್ನುತ್ತಾರೆ. ಆಗ ಸೂರ್ಯ ಗೋಪುರದ ಹಿಂದಿರುತ್ತಾನೆ, ಕಾಣುವುದು ಕಪ್ಪು ಆಕಾರ ಮಾತ್ರ. ಗೋಪುರಕ್ಕೆ ಹೊದಿಸಿದ ಚೀನೀ ಪಿಂಗಾಣಿ ಚೂರುಗಳು ಹೂವಾಗಿ ಹೊಳೆಯುವುದು ಬೆಳಗಿನ ಬಿಸಿಲು ಎದುರಿನಿಂದ ಬಿದ್ದಾಗ. ಹೆಸರೇ ಅರುಣ, ಬೆಳಿಗ್ಗೆಯೇ ಹೋಗಿ. ಮೆಟ್ಟಿಲುಗಳು ಏಣಿಯಷ್ಟು ಕಡಿದು. ನಾನು ಹತ್ತಿ ಇಳಿಯುವಷ್ಟರಲ್ಲಿ ಆಯಿ ಕೆಳಗೆ ನೆರಳಿನಲ್ಲಿ, ಬಾಡಿಗೆಯ ಥಾಯಿ ಉಡುಪಿನಲ್ಲಿ ಫೋಟೊ ತೆಗೆಸಿಕೊಳ್ಳುವ ಹುಡುಗಿಯರನ್ನು ನೋಡುತ್ತ ಕುಳಿತಿದ್ದಳು.

ಊಟದ ವಿಷಯ. 'ವೆಜ್‌' ಎಂದರೆ ಇಲ್ಲಿ ಮಾಂಸದ ತುಂಡು ಇಲ್ಲ ಎಂದಷ್ಟೇ ಅರ್ಥವಾಗುವುದುಂಟು, ಮೀನಿನ ಸಾರ ಪಲ್ಯದೊಳಗೇ ಇರುತ್ತದೆ. ಪಪ್ಪಾಯದ ಕೋಸಂಬರಿಯಂಥ ಸೋಮ್‌ ತಮ್‌ ಕೂಡ ನಂಬುವಂಥದ್ದಲ್ಲ. ಕೇಳಬೇಕಾದ ಪದ 'ಜೇ'. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ಆ ಅಕ್ಷರದ ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಬೀದಿ ಬೀದಿ ಹುಡುಕಿದೆವು. ಜೇ ಅಡುಗೆಯಲ್ಲಿ ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. "ಹಾಗಾದರೆ ಇದು ನಮ್ಮ ಏಕಾದಶಿಗಿಂತ ಕಟ್ಟುನಿಟ್ಟು" ಎಂದು ಆಯಿ ನಿಶ್ಚಿಂತೆಯಿಂದ ಉಂಡಳು. ಬೇರೆ ಅಂಗಡಿಗಳಲ್ಲಿ 'ಮೈ ಸೈ ನಾಮ್‌ ಪ್ಲಾ', ಮೀನಿನ ಸಾರ ಹಾಕಬೇಡಿ, ಎಂದರೆ ಅರ್ಧ ಗೆದ್ದಂತೆ. ಕಾಯಿಹಾಲಿನ ಅಂಟಕ್ಕಿ ಅನ್ನದ ಜೊತೆ ಮಾವಿನಹಣ್ಣನ್ನು ದಿನಾ ತಿಂದೆವು. ತಂದಿದ್ದ ಅವಲಕ್ಕಿ ಮೂರನೆಯ ದಿನ ಖಾಲಿಯಾಯಿತು, ಅಪ್ಪೆಮಿಡಿ ಕೊನೆಯ ತನಕ ಬಂತು.

ಚಿಟ್‌ ಲೊಮ್‌ ನಿಲ್ದಾಣದ ಹತ್ತಿರ, ಮಾಲ್‌ಗಳ ನಡುವಿನ ರಸ್ತೆಮೂಲೆಯಲ್ಲಿ ಎರವಾನ್‌ ಗುಡಿಯಿದೆ. ಪಕ್ಕದ ಹೋಟೆಲ್‌ ಕಟ್ಟುವಾಗ ವಿಘ್ನಗಳಾದವೆಂದು 1956ರಲ್ಲಿ ಇಟ್ಟ ನಾಲ್ಕು ಮುಖದ ಬ್ರಹ್ಮ. ನಮ್ಮಲ್ಲಿ ಗುಡಿಯೇ ಅಪರೂಪವಾದ ದೇವರಿಗೆ ಇಲ್ಲಿ ಚೆಂಡುಹೂವಿನ ರಾಶಿ. ಮೂಲೆಯ ಮಂಟಪದಲ್ಲಿ ಕಿರೀಟ ತೊಟ್ಟ ಹೆಂಗಸರು ನರ್ತಿಸುತ್ತಿದ್ದರು. ಪ್ರವಾಸಿಗರಿಗೆಂದು ಆಡಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ: ಬೇಡಿಕೊಂಡದ್ದು ಕೈಗೂಡಿದವರು ದುಡ್ಡು ಕೊಟ್ಟು ಆಡಿಸುವ ಕುಣಿತ. ದುಡ್ಡು ಕೊಟ್ಟವರು ಮುಂದೆ ಮೊಣಕಾಲೂರಿ ಕುಳಿತಿದ್ದರು. "ಹರಕೆ ಆಟ" ಎಂದಳು ಆಯಿ. ಮಂದಾರ್ತಿ, ಕಟೀಲಿನ ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವವರನ್ನು ಬಲ್ಲವಳಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ. ಕೊಡೆ ಹಿಡಿದು ನಿಂತು ಮೂರು ಹರಕೆ ಮುಗಿಯುವವರೆಗೂ ನೋಡಿದಳು. ಇಡೀ ಪ್ರವಾಸದಲ್ಲಿ ಟಿಕೆಟ್ಟಿಲ್ಲದೆ ನೋಡಿದ ಇದೇ ನನಗೆ ಹೆಚ್ಚು ನೆನಪಿದೆ.

ಸೇನ್‌ ಸೇಪ್‌ ಕಾಲುವೆಯ ದೋಣಿಗೆ ನಾನೊಬ್ಬನೇ ಹೋದೆ. ಹಾರಿ ಹತ್ತಬೇಕು, ಕೊಳಕು ನೀರು ಎರಚದಂತೆ ಪಕ್ಕದ ತಾಡಪಾಲನ್ನು ನೀವೇ ಎಳೆದು ಹಿಡಿಯಬೇಕು, ವಯಸ್ಸಾದವರಿಗಲ್ಲ. ಟ್ಯಾಕ್ಸಿ ಬೇಕೇಬೇಕೆಂದರೆ ಮೀಟರ್‌ ಹಾಕುವವನನ್ನೇ ಹತ್ತಿ. ನಾವು ಹೋದಾಗ ಭಾರತೀಯರಿಗೆ ವೀಸಾ ಬೇಕಿರಲಿಲ್ಲ, ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್‌ ಕೊಳ್ಳುವ ಮುನ್ನ ನೋಡಿಕೊಳ್ಳಿ. ಇಳಿಯುವ ಮುನ್ನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬುವ ಆಗಮನ ಅರ್ಜಿಗೆ ಶುಲ್ಕವಿಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ ಜಾಲತಾಣವಲ್ಲ.

ಹಿಂತಿರುಗುವಾಗ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್‌ ತಪಾಸಣೆ ಮುಗಿದ ಮೇಲೆ ಅರ್ಧ ಗಂಟೆ ಉಳಿಸಿಕೊಳ್ಳಿ. ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪವಿದೆ, ಮೇಲೆ ವಿಷ್ಣು, ಎರಡೂ ಕಡೆ ವಾಸುಕಿಯನ್ನು ಎಳೆಯುವವರ ಸಾಲು. ನಾವು ಉಳಿಸಿಕೊಂಡಿರಲಿಲ್ಲ. ಗೇಟಿಗೆ ಕರೆಯುತ್ತಿದ್ದಾರೆ ಎಂದರೂ ಆಯಿ ಕೇಳಲಿಲ್ಲ. ತಲೆಯ ಕಡೆ ಯಾರನ್ನು ನಿಲ್ಲಿಸಿದ್ದಾರೆ, ಬಾಲದ ಕಡೆ ಯಾರನ್ನು ಎಂದು ನೋಡಲು, ನೋಯುವ ಮಂಡಿಯಲ್ಲೇ ಆ ತುದಿಗೆ ಹೊರಟಳು.