ಆನ್ ಮಾಡಿದ ಕೂಡಲೇ ಲಾಗಿನ್ ಪರದೆ: ಡೆಬಿಯನ್‌ನಲ್ಲಿ ಹೀಗೆ ಮಾಡಿ

ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕುವಾಗ ಡೆಸ್ಕ್‌ಟಾಪ್‌ಗೆ ಟಿಕ್ ಹಾಕದೆ ಮುಂದೆ ಹೋಗಿಬಿಟ್ಟಿರಾ? ಹಾಗಾದರೆ ಆನ್ ಮಾಡಿದಾಗ ಕಾಣುವುದು ಕಪ್ಪು ಪರದೆ, ಅದರಲ್ಲಿ 'ಲಾಗಿನ್' ಅನ್ನುವ ಒಂದೇ ಸಾಲು. ನನಗೇನೋ ಅದು ಇಷ್ಟವೇ. ಆದರೆ ಮನೆಯವರ ಕೈಗೆ ಕೊಟ್ಟರೆ 'ಕೆಟ್ಟುಹೋಗಿದೆ' ಅಂತ ಮುಚ್ಚಿಡುತ್ತಾರೆ.

ಹೆಸರು, ಪಾಸ್‌ವರ್ಡ್ ಕೇಳುವ ಚೆಂದದ ಪರದೆ ತೋರಿಸುವ ಪ್ರೋಗ್ರಾಂಗೆ ಡಿಸ್‌ಪ್ಲೇ ಮ್ಯಾನೇಜರ್ ಅಂತಾರೆ. 1988ರಲ್ಲಿ ಬಂದ ಎಕ್ಸ್‌ಡಿಎಂ ಈ ಸಾಲಿನಲ್ಲಿ ಹಿರಿಯ. ಗ್ನೋಮ್ ಡೆಸ್ಕ್‌ಟಾಪ್‌ಗೆ ಜಿಡಿಎಂ ಹೊಂದುತ್ತದೆ. ಹಳೇ ಯಂತ್ರಕ್ಕಾದರೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಜೊತೆಗೆ ಲೈಟ್‌ಡಿಎಂ ಸಾಕು.

ಮೊದಲು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೊಟ್ಟಿದ್ದರೆ ಸುಡೊ (ರೂಟ್ ಅಧಿಕಾರದಲ್ಲಿ ಆಜ್ಞೆ ಓಡಿಸುವ ಸಾಧನ) ಇರುವುದಿಲ್ಲ. 'ಸು -' ಅಂತ ಕೊಡಿ. ಆ ಪುಟ್ಟ ಗೆರೆ ಮರೆಯಬೇಡಿ. ಅದಿಲ್ಲದಿದ್ದರೆ ಮುಂದೆ ಕೆಲವು ಆಜ್ಞೆಗಳಿಗೆ 'ಸಿಗಲಿಲ್ಲ' ಅನ್ನುವ ಉತ್ತರ ಬರುತ್ತದೆ. (ಇಲ್ಲಿರುವ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು.)

ಈಗ 'ಆಪ್ಟ್ ಇನ್‌ಸ್ಟಾಲ್ ಎಕ್ಸ್‌ಎಫ್‌ಸಿಇ4 ಲೈಟ್‌ಡಿಎಂ'. ಡೌನ್‌ಲೋಡ್ ಮುಗಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು.

ಮುಗಿದ ತಕ್ಷಣ ರೀಬೂಟ್ ಮಾಡುವ ಆಸೆ ಬರುತ್ತದೆ, ಅಲ್ವಾ? ತಡೆಯಿರಿ. ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟರೆ ಪ್ರತಿ ಸಲವೂ ಮಿನುಗುವ ಪರದೆಯಲ್ಲೇ ಸಿಕ್ಕಿಕೊಳ್ಳುತ್ತೀರಿ. ಅದಕ್ಕೇ 'ಸಿಸ್ಟಮ್‌ಸಿಟಿಎಲ್ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್' ಅಂತ ಕೊಡಿ. ಇನ್ನು ಏನೇ ಎಡವಟ್ಟಾದರೂ ಆಫ್ ಮಾಡಿ ಆನ್ ಮಾಡಿದರೆ ಅದೇ ಕಪ್ಪು ಪರದೆಗೆ ವಾಪಸ್. ಆಮೇಲೆ ಕೈಯಿಂದಲೇ ಶುರು ಮಾಡಿ ನೋಡಿ: 'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಲೈಟ್‌ಡಿಎಂ'.

ಪರದೆ ಬಂತಾ? ಲಾಗಿನ್ ಆಗಿ, ಡೆಸ್ಕ್‌ಟಾಪ್ ತೆರೆಯುತ್ತದೆಯೇ ನೋಡಿ. ತೆರೆದರೆ ಟರ್ಮಿನಲ್‌ನಲ್ಲಿ ಮತ್ತೆ ರೂಟ್ ಆಗಿ, ಸೆಟ್-ಡಿಫಾಲ್ಟ್ ಆಜ್ಞೆಯನ್ನೇ ಕೊನೆಯಲ್ಲಿ 'ಗ್ರಾಫಿಕಲ್.ಟಾರ್ಗೆಟ್' ಅಂತ ಬದಲಿಸಿ ಕೊಡಿ. ಈಗ ಧೈರ್ಯವಾಗಿ ರೀಬೂಟ್ ಮಾಡಿ.

ಎರಡು ಡಿಸ್‌ಪ್ಲೇ ಮ್ಯಾನೇಜರ್ ಸೇರಿಕೊಂಡಿದ್ದರೆ 'ಡಿಪಿಕೆಜಿ-ರೀಕಾನ್ಫಿಗರ್ ಲೈಟ್‌ಡಿಎಂ' ಕೊಟ್ಟು ಬೇಕಾದ್ದನ್ನು ಆರಿಸಿ. ಫ್ರೀಬಿಎಸ್‌ಡಿ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ದಾರಿಯೇ ಬೇರೆ. ಅಲ್ಲಿ ಸಿಸ್ಟಮ್‌ಡಿ (ಸಿಸ್ಟಮ್‌ಸಿಟಿಎಲ್ ಆಜ್ಞೆಯ ಹಿಂದಿರುವ ವ್ಯವಸ್ಥೆ) ಇಲ್ಲ, ಆರ್‌ಸಿ.ಕಾನ್ಫ್ ಫೈಲಿನಲ್ಲಿ ಲೈಟ್‌ಡಿಎಂಗೆ 'ಯೆಸ್' ಅಂತ ಬರೆಯಬೇಕು.

ಇನ್ನೊಂದು ಕಾಟವಿದೆ. ಪಾಸ್‌ವರ್ಡ್ ಸರಿಯಾಗೇ ಹಾಕುತ್ತೀರಿ, ಪರದೆ ಒಮ್ಮೆ ಕಪ್ಪಾಗುತ್ತದೆ, ಮತ್ತೆ ಲಾಗಿನ್‌ಗೇ ಬಂದು ನಿಲ್ಲುತ್ತದೆ. ನಾನು ಒಂದಿಡೀ ಸಂಜೆ ಸುಮ್ನೆ ಪಾಸ್‌ವರ್ಡ್ ಬದಲಿಸುತ್ತಾ ಕೂತಿದ್ದೆ. ತಪ್ಪು ಪಾಸ್‌ವರ್ಡಿನದಲ್ಲ. ಯಾವಾಗಲೋ ರೂಟ್ ಆಗಿ ಸ್ಟಾರ್ಟ್‌ಎಕ್ಸ್ (ಕೈಯಿಂದ ಡೆಸ್ಕ್‌ಟಾಪ್ ಶುರು ಮಾಡುವ ಆಜ್ಞೆ) ಓಡಿಸಿದ್ದೆ. ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಎಕ್ಸ್‌ಅಥಾರಿಟಿ ಫೈಲ್ (ಡೆಸ್ಕ್‌ಟಾಪ್ ತೆರೆಯಲು ಅನುಮತಿ ಇಟ್ಟಿರುವ ಫೈಲ್) ರೂಟ್ ಹೆಸರಿಗೆ ಹೋಗಿತ್ತು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಕಪ್ಪು ಪರದೆಗೆ ಹೋದೆ. ಆ ಫೈಲ್ ಅಳಿಸಿದೆ. ಮುಂದಿನ ಸಲ ಡೆಸ್ಕ್‌ಟಾಪ್ ತೆರೆಯಿತು. ಅಳಿಸಿದರೂ ಸರಿಹೋಗದಿದ್ದರೆ 'ಡಿಎಫ್ -ಎಚ್' ಕೊಟ್ಟು ನೋಡಿ. ಡಿಸ್ಕ್ ತುಂಬಿದ್ದರೂ ಇದೇ ಆಟ ಆಡಿಸುತ್ತದೆ.