ಹಾದಿ ಮುಚ್ಚುವ ಮುನ್ನ

ನಾನಿರುವ ಆರೋಗ್ಯ ಕೇಂದ್ರಕ್ಕೆ ಬರಲು ಒಂದೇ ರಸ್ತೆ. ಹಿಮ ಬೀಳಲು ಶುರುವಾದರೆ ಹೆಚ್ಚೂಕಡಿಮೆ 5 ತಿಂಗಳು ಅದು ಮುಚ್ಚಿರುತ್ತದೆ. ಮೊದಲ ವರ್ಷ ನಾನು ತಯಾರಾಗಿದ್ದುದು ಚಳಿಯ ಕಾಯಿಲೆಗಳಿಗೆ: ಮರಗಟ್ಟಿದ ಬೆರಳು, 35 ಡಿಗ್ರಿಗಿಂತ ಕೆಳಗಿಳಿದ ಮೈಶಾಖ, ಮುಚ್ಚಿದ ಕೋಣೆಯಲ್ಲಿ ಒಲೆ ಉರಿಸಿ ಹೊಗೆ ಕುಡಿದವರು. ಅವೆಲ್ಲ ಬಂದವು, ಹೇಗೋ ಸಂಭಾಳಿಸಿದೆವು. ನನ್ನನ್ನು ಸೋಲಿಸಿದ್ದು ಒಂದು ಡಿಸ್ಚಾರ್ಜ್ ಚೀಟಿ.

ಕೆಳಗಿನ ದೊಡ್ಡಾಸ್ಪತ್ರೆಯವರು ಕ್ಷಯದ ರೋಗಿಯೊಬ್ಬರಿಗೆ 2 ತಿಂಗಳ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದರು. ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಔಷಧಿ ಬೇಕು. ನಡುವೆ ಬಿಟ್ಟರೆ ರೋಗಾಣು ಔಷಧಿಗೇ ಜಗ್ಗದಂತಾಗಬಹುದು. ಮುಂದಿನ ಮಾತ್ರೆ ನಾವು ಕೊಡುತ್ತೇವೆ ಎಂದು ಅವರೂ, ಅವರು ಕೊಟ್ಟಿದ್ದಾರೆ ಎಂದು ನಾವೂ ಅಂದುಕೊಂಡಿದ್ದೆವು. ಆತ ಖಾಲಿ ಡಬ್ಬಿ ಹಿಡಿದು ಬಂದಾಗ ರಸ್ತೆ ಮುಚ್ಚಿ 3 ವಾರವಾಗಿತ್ತು. ಹೆಲಿಕಾಪ್ಟರ್‌ನಲ್ಲಿ ಮಾತ್ರೆ ಬರುವಷ್ಟರಲ್ಲಿ ಇನ್ನೂ 18 ದಿನ ಹೋದವು.

ಆಮೇಲೆ ಕೂತು ನೋಡಿದರೆ ನಮ್ಮಲ್ಲಿ ಪಟ್ಟಿಗಳಿಗೇನೂ ಬರವಿರಲಿಲ್ಲ. ಗರ್ಭಿಣಿಯರದ್ದು ಸಿಸ್ಟರ್ ಹತ್ತಿರ, ಬಿಪಿ-ಶುಗರ್‌ನವರದ್ದು ಫಾರ್ಮಸಿಯಲ್ಲಿ, ಕ್ಷಯದ್ದು ಕೆಳಗೆ. ಎಲ್ಲವನ್ನೂ ಒಂದೇ ದಪ್ಪ ಪುಸ್ತಕಕ್ಕೆ ಇಳಿಸಿದೆವು. ಕಂಪ್ಯೂಟರ್ ಇತ್ತು, ಆದರೆ ಕರೆಂಟ್ ಹೋದ ದಿನವೇ ಪಟ್ಟಿ ಬೇಕಾಗುವುದು. ಪ್ರತಿ ಹೆಸರಿನ ಮುಂದೆ ಕಾಯಿಲೆಯ ಜೊತೆ ಇನ್ನೊಂದು ಕಲಂ ಹಾಕಿದೆವು: ರಸ್ತೆ ತೆರೆಯುವವರೆಗೆ ಇವರಿಗೆ ಏನು ಬೇಕು, ಅದನ್ನು ಯಾರು ನೋಡಿಕೊಳ್ಳುತ್ತಾರೆ. 'ಯಾರು' ಎಂಬಲ್ಲಿ ಒಬ್ಬರ ಹೆಸರೇ ಇರಬೇಕು, 'ಆಸ್ಪತ್ರೆ' ಎಂದು ಬರೆಯುವ ಹಾಗಿಲ್ಲ. ಮೊದಲ ಹಿಮಕ್ಕೆ 8 ವಾರ ಇರುವಾಗ ಈ ಪುಸ್ತಕ ಹಿಡಿದು ಕೆಳಗೆ ಹೋಗಿ, ಅಲ್ಲಿನವರ ಎದುರು ಕೂತು ಒಂದೊಂದೇ ಹೆಸರು ಓದುತ್ತೇನೆ. ಅವರಿಗೆ ಬೇಜಾರಾಗುತ್ತದೆ. ಆಗಲಿ.

ಗರ್ಭಿಣಿಯರ ಪುಟವೇ ಎಲ್ಲಕ್ಕಿಂತ ಕಷ್ಟ. ದಿನ ಲೆಕ್ಕ ಹಾಕಿ 'ಕೆಳಗೆ ಹೋಗಿರಿ' ಎಂದು ಹೇಳುವುದು ಸುಲಭ. ಆದರೆ ನಡುಚಳಿಯಲ್ಲಿ ಹೆರಿಗೆಯಿರುವ ಹೆಂಗಸು ರಸ್ತೆ ಮುಚ್ಚುವ ಮೊದಲೇ ಇಳಿದರೆ ಮತ್ತೆ ಮನೆ ನೋಡುವುದು ರಸ್ತೆ ತೆರೆದ ಮೇಲೆ. ಒಬ್ಬಾಕೆ ನೇರವಾಗಿ ಕೇಳಿದಳು: "ಅಲ್ಲೀವರೆಗೆ ದೊಡ್ಡ ಮಕ್ಕಳನ್ನ ನೀವು ನೋಡ್ಕೋತೀರಾ ಡಾಕ್ಟ್ರೇ?" ನನ್ನಲ್ಲಿ ಉತ್ತರವಿರಲಿಲ್ಲ. ಈಗ ಎಲ್ಲರನ್ನೂ ಕಳಿಸುವುದಿಲ್ಲ. ಹಿಂದೆ ಸಿಸೇರಿಯನ್ ಆದವರು, ಬಿಪಿ ಏರಿದವರು, ಅವಳಿ ಇರುವವರು ಹೋಗಲೇಬೇಕು. ಮಕ್ಕಳ ವ್ಯವಸ್ಥೆಯನ್ನು ಮನೆಯವರ ಜೊತೆ ಕೂತು ಮೊದಲೇ ಮಾತಾಡುತ್ತೇವೆ. ಉಳಿದವರ ಹೆರಿಗೆ ಇಲ್ಲೇ, ಸಿಸ್ಟರ್ ಕೈಯಲ್ಲಿ. ರಕ್ತಸ್ರಾವಕ್ಕೆ ಆಕ್ಸಿಟೋಸಿನ್ ಇಟ್ಟಿದ್ದೇವೆ. ಅದು ಫ್ರಿಜ್ ಬೇಡುವ ಔಷಧಿಯಾದ್ದರಿಂದ, ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯೂ ಪಕ್ಕದಲ್ಲೇ ಇರುತ್ತದೆ.

ಫ್ರಿಜ್ ಅಂದೆನಲ್ಲ, ಅದರದ್ದೇ ಒಂದು ಪಾಠ. ಲಸಿಕೆ ಬಿಸಿಗೆ ಕೆಡುತ್ತದೆ ಎಂದಷ್ಟೇ ತಲೆಯಲ್ಲಿತ್ತು. ನಮ್ಮಲ್ಲಿ ಕೆಟ್ಟಿದ್ದು ಹೆಪ್ಪುಗಟ್ಟಿ. ಹೆಪಟೈಟಿಸ್ ಬಿ, ಪೆಂಟಾವಲೆಂಟ್ (ಐದು ರೋಗಗಳಿಗೆ ಒಂದೇ ಚುಚ್ಚುಮದ್ದು), ಧನುರ್ವಾಯುವಿನ ಲಸಿಕೆಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿದರೂ ಪ್ರಯೋಜನವಿಲ್ಲ. ಸೀಸೆಯ ಮೇಲಿನ ಬಣ್ಣ ಬದಲಾಗುವ ಗುರುತು ಬಿಸಿಯನ್ನು ಮಾತ್ರ ಹೇಳುತ್ತದೆ, ಚಳಿಯ ಬಗ್ಗೆ ಬಾಯಿ ಬಿಡುವುದಿಲ್ಲ. ಈಗ ಡಬ್ಬಿಯಲ್ಲಿ ಐಸ್ ಬದಲು ತಣ್ಣೀರಿನ ಪ್ಯಾಕ್ ಇಟ್ಟು ಒಯ್ಯುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸೀಸೆಯನ್ನು ಒಳಂಗಿಯ ಜೇಬಲ್ಲಿಟ್ಟು ನಡೆಯಲು ಹೇಳುತ್ತೇವೆ. ಶುಗರ್ ನೋಡುವ ಮೀಟರಿಗೂ ಅದೇ ಜಾಗ, ತೀರಾ ತಣ್ಣಗಾದರೆ ಅದೂ ಸರಿಯಾದ ಲೆಕ್ಕ ಕೊಡದು.

ಚಳಿಗಾಲದಲ್ಲಿ ವಾರಕ್ಕೊಮ್ಮೆ, ಗೊತ್ತುಮಾಡಿದ ಹೊತ್ತಿಗೆ, ಕೆಳಗಿನ ಒಬ್ಬರೇ ಡಾಕ್ಟರಿಗೆ ಸ್ಯಾಟಲೈಟ್ ಫೋನ್ ಮಾಡುತ್ತೇನೆ. ಮೊದಲೆಲ್ಲ ಡ್ಯೂಟಿಯಲ್ಲಿದ್ದವರಿಗೆ ಮಾಡುತ್ತಿದ್ದೆ. ಪ್ರತಿ ಸಲ ಕಥೆ ಮೊದಲಿಂದ ಶುರು, ಅರ್ಧಕ್ಕೆ ಲೈನ್ ಕಟ್. ಈಗ ಮೊದಲ ವಾಕ್ಯದಲ್ಲೇ ನನಗೇನು ಬೇಕು ಹೇಳಿಬಿಡುತ್ತೇನೆ. ಹೆಲಿಕಾಪ್ಟರ್ ಬೇಕೆನಿಸಿದರೆ ಬೆಳಿಗ್ಗೆಯೇ ಕೇಳುತ್ತೇನೆ. ಸಂಜೆವರೆಗೆ ನೋಡೋಣ ಎಂದು ಕಾದು, ಆಮೇಲೆ ಮೋಡ ಕವಿದು ಎರಡು ದಿನ ರೋಗಿಯ ಪಕ್ಕ ಕೂತಿದ್ದೇನೆ.

ರಸ್ತೆ ತೆರೆದ ಮೇಲೆ ಮೊದಲು ಮಾಡುವುದು ಉಳಿದ ಮಾತ್ರೆ ಎಣಿಸುವ ಕೆಲಸ. ಚಳಿಯಲ್ಲಿ ಬಿಪಿ ಏರುತ್ತದೆಂದು ಬಿಪಿಯವರೆಲ್ಲರಿಗೂ 6 ತಿಂಗಳದ್ದು ಕೊಟ್ಟಿರುತ್ತೇವೆ. ಈ ಸಲ ಒಬ್ಬ ಅಜ್ಜ ಮಾತ್ರೆಯ ಪಟ್ಟಿಗಳನ್ನು ಹಾಗೇ ತಂದು ಮೇಜಿನ ಮೇಲಿಟ್ಟರು, ಒಂದೂ ಒಡೆದಿರಲಿಲ್ಲ. "ತಲೆನೋವೇ ಬರ್ಲಿಲ್ಲ, ಮತ್ತ್ಯಾಕೆ ನುಂಗ್ಲಿ? ಬೇರೆಯವರಿಗಾದ್ರೂ ಆಗಲಿ ಅಂತ ಜೋಪಾನವಾಗಿ ಇಟ್ಟಿದ್ದೆ" ಎಂದರು. ಬಿಪಿ ನೋಡಿದೆ, 180 ದಾಟಿತ್ತು. ಪುಸ್ತಕದಲ್ಲಿ ಅವರ ಹೆಸರಿನ ಮುಂದಿನ 'ಯಾರು' ಕಲಮಿನಲ್ಲಿ ನಾನು ಬರೆದಿದ್ದದ್ದು 'ಸ್ವತಃ' ಎಂದು. ಅದನ್ನು ಹೊಡೆದುಹಾಕಿ ಸೊಸೆಯ ಹೆಸರು ಬರೆದುಕೊಂಡೆ.