ಆ್ಯಪ್‌ನಲ್ಲಿ ಕನ್ನಡ ಕೆಡದಂತೆ ಪರದೆ ಕಟ್ಟುವುದು ಹೇಗೆ?

ಪರದೆಗಳನ್ನೆಲ್ಲ ಇಂಗ್ಲಿಷ್‌ನಲ್ಲಿ ಮುಗಿಸಿ, ಬಿಡುಗಡೆಗೆ ವಾರವಿದೆ ಎನ್ನುವಾಗ ಪದಪಟ್ಟಿಯನ್ನು ಅನುವಾದಕರಿಗೆ ಕಳಿಸುವ ತಂಡಗಳೇ ಹೆಚ್ಚು. ಕನ್ನಡ ಕೆಡುವುದು ಅಲ್ಲಿಂದಲೇ. ಬಸ್ ಟಿಕೆಟ್ ಆ್ಯಪ್ ಒಂದನ್ನು ಮುಂದಿಟ್ಟುಕೊಂಡು, ಮೊದಲ ದಿನದಿಂದಲೇ ಕನ್ನಡದಲ್ಲಿ ಕಟ್ಟುವ ಬಗೆ ನೋಡೋಣ.

ಹಂತ 1: ಊರು, ದಿನ, ಸೀಟು, ಹಣ. ನಾಲ್ಕು ಪರದೆ ಸಾಕು, ಒಂದರಲ್ಲಿ ಒಂದೇ ಕೆಲಸ. ಕಾಗದದ ಮೇಲೆ ಕನ್ನಡದಲ್ಲೇ ಬರೆಯಿರಿ.

ಹಂತ 2: ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಫಾಂಟ್ ಹಾಕಿ. ಎರಡೂ ಉಚಿತ. ಅಕ್ಷರ 16 ಎಸ್‌ಪಿಗಿಂತ (ಆಂಡ್ರಾಯ್ಡ್‌ನಲ್ಲಿ ಅಕ್ಷರದ ಗಾತ್ರದ ಅಳತೆ) ಚಿಕ್ಕದು ಬೇಡ, ಸಾಲಿನ ಎತ್ತರ ಅದರ ಒಂದೂವರೆ ಪಟ್ಟು ಇರಲಿ. ಬಟನ್‌ಗೆ ಕನಿಷ್ಠ 48 ಡಿಪಿ (ಪರದೆಯ ಮೇಲಿನ ವಸ್ತುಗಳ ಅಳತೆ) ಎತ್ತರ ಕೊಡಿ, ಆದರೆ ಅಷ್ಟಕ್ಕೇ ಬಿಗಿಯಬೇಡಿ. ಬಿಗಿದರೆ ಅಕ್ಷರ ದೊಡ್ಡದಾದಾಗ ಕೆಳಗಿನ ಒತ್ತು ಕತ್ತರಿಸಿಹೋಗಿ ‘ರದ್ದು’ ಎಂಬುದು ‘ರದು’ ಎಂದು ಕಾಣುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದ ಅನುವಾದವನ್ನು ಹಾಗೇ ಅಂಟಿಸಬೇಡಿ. ಎಲ್ಲ ಫೋನ್‌ಗಳೂ ಓದುವ ಯುನಿಕೋಡ್ ಸಂಕೇತಗಳಿಗೆ ಬದಲಿಸದಿದ್ದರೆ ಪರದೆಯಲ್ಲಿ ಬರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ.

ಹಂತ 3: ಹೆಚ್ಚಿನವರು ಎಡವುವುದು ವಾಕ್ಯ ಜೋಡಿಸುವಲ್ಲಿ. ಇಂಗ್ಲಿಷ್‌ನಲ್ಲಿ ಖಾಲಿ ಜಾಗಕ್ಕೆ ಊರಿನ ಹೆಸರು ತುಂಬಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ, ಅಂಟುವಾಗ ಹೆಸರಿನ ರೂಪವೂ ಬದಲಾಗುತ್ತದೆ. ಮಂಗಳೂರು ಮಂಗಳೂರಿನಿಂದ, ಮಂಗಳೂರಿಗೆ ಆಗುತ್ತದೆ. ಹಾಸನ ಹಾಸನದಿಂದ, ಹಾಸನಕ್ಕೆ. ಹುಬ್ಬಳ್ಳಿ ಹುಬ್ಬಳ್ಳಿಯಿಂದ, ಹುಬ್ಬಳ್ಳಿಗೆ. ಹೆಸರಿನ ಹಿಂದೆ ‘ಗೆ’ ಸೇರಿಸುವ ಕೋಡ್ ‘ಹಾಸನಗೆ’ ಎಂದು ತೋರಿಸುತ್ತದೆ. ಇದಕ್ಕೆ ಎರಡು ದಾರಿ. ‘ಎಲ್ಲಿಂದ: ಮಂಗಳೂರು’, ‘ಎಲ್ಲಿಗೆ: ಹಾಸನ’ ಎಂದು ಹೆಸರನ್ನು ಬಿಡಿಯಾಗಿ ನಿಲ್ಲಿಸುವುದು ಒಂದು. ಪ್ರತಿ ಊರಿಗೂ ಮೂರು ರೂಪಗಳನ್ನು ಪಟ್ಟಿಯಲ್ಲೇ ಬರೆದಿಡುವುದು ಇನ್ನೊಂದು. ಮೊದಲನೆಯದನ್ನೇ ಆರಿಸಿ, ಹೊಸ ನಿಲ್ದಾಣ ಸೇರಿದಾಗ ತಪ್ಪಾಗುವುದಿಲ್ಲ. ಜನರ ಹೆಸರಿಗಾದರೆ ‘ಅವರು’ ಸೇರಿಸಿ. ‘ಶ್ರೀಧರ ಅವರಿಗೆ’, ‘ಸಲ್ಮಾ ಅವರಿಂದ’ ಎಂದರೆ ವಿಭಕ್ತಿಯೂ ಸರಿ, ಗೌರವವೂ ಉಳಿಯುತ್ತದೆ, ಕಳಿಸಿದನೋ ಕಳಿಸಿದಳೋ ಎಂಬ ತೊಡಕೂ ಇಲ್ಲ.

ಎಣಿಕೆಯಲ್ಲೂ ಒಂದು ಗುಂಡಿಯಿದೆ. ಆಂಡ್ರಾಯ್ಡ್ ಪಾಲಿಸುವ ಭಾಷಾ ನಿಯಮದಲ್ಲಿ ಕನ್ನಡದ 0 ಮತ್ತು 1 ಎರಡೂ ಏಕವಚನದ ಗುಂಪಿಗೇ ಸೇರುತ್ತವೆ. ಆ ಜಾಗದಲ್ಲಿ ‘ಒಂದು ಸೀಟು ಉಳಿದಿದೆ’ ಎಂದು ಅಕ್ಷರದಲ್ಲೇ ಬರೆದಿಟ್ಟರೆ, ಬಸ್ ಪೂರ್ತಿ ತುಂಬಿದಾಗಲೂ ಪ್ರಯಾಣಿಕರಿಗೆ ಒಂದು ಸೀಟು ಕಾಣುತ್ತದೆ. ಶೂನ್ಯಕ್ಕೆಂದು ಪ್ರತ್ಯೇಕ ಸಾಲು ಬರೆದರೂ ಅದು ಬಳಕೆಯಾಗದು. ಸೊನ್ನೆಯನ್ನು ಕೋಡ್‌ನಲ್ಲೇ ಮೊದಲು ಪರೀಕ್ಷಿಸಿ, ‘ಸೀಟುಗಳು ಭರ್ತಿಯಾಗಿವೆ’ ಎಂದು ತೋರಿಸಿ.

ಪದಗಳ ವಿಷಯ. ‘ಉಳಿಸು’ ಬೇಡ, ‘ಉಳಿಸಿ’ ಎನ್ನಿ. ‘ಗುಪ್ತಪದ’ಕ್ಕಿಂತ ‘ಪಾಸ್‌ವರ್ಡ್’ ಎಲ್ಲರಿಗೂ ತಿಳಿಯುತ್ತದೆ. ಬಿಡಿ ಪದಗಳನ್ನು ಯಂತ್ರಾನುವಾದಕ್ಕೆ ಕೊಡುವ ಅಡ್ಡದಾರಿ ಹಿಡಿಯಲೇಬೇಡಿ. ಟಿಕೆಟ್ ಬುಕ್ ಮಾಡುವ ಬಟನ್ ಮೇಲೆ ‘ಪುಸ್ತಕ’ ಎಂದು ಬಂದು ಕೂರುವುದು ಹೀಗೆಯೇ.

ಹಂತ 4: ಹೆಸರನ್ನು ಮೊಟಕುಗೊಳಿಸುವಾಗ ಯುನಿಕೋಡ್ ಸಂಕೇತಗಳನ್ನು ಎಣಿಸಬೇಡಿ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಸಂಕೇತ. ಖಾತೆಯ ಚಿತ್ರದ ಬದಲು ಹೆಸರಿನ ಮೊದಲಕ್ಷರ ತೋರಿಸುವ ವೃತ್ತದಲ್ಲಿ ಶ್ರೀಧರ ಅವರಿಗೆ ‘ಶ್ರೀ’ ಬರಬೇಕು. ಮೊದಲ ಸಂಕೇತವನ್ನಷ್ಟೇ ತೆಗೆದುಕೊಂಡರೆ ‘ಶ’ ಬರುತ್ತದೆ. ಕತ್ತರಿಸುವುದಕ್ಕಿಂತ ಎರಡನೇ ಸಾಲಿಗೆ ಇಳಿಸುವುದೇ ಮೇಲು.

ಹಂತ 5: ಮೊಬೈಲ್ ಸಂಖ್ಯೆಗೆ ಅಂಕಿಗಳ ಕೀಲಿಮಣೆ ತೆರೆಯಲಿ. ಒಟಿಪಿಗೆ ಆರು ಡಬ್ಬಿ ಬೇಡ, ಒಂದೇ ಉದ್ದ ಜಾಗ ಸಾಕು. ಅಂಟಿಸಲು, ತಿದ್ದಲು ಸುಲಭ.

ಹಂತ 6: ಆಂಡ್ರಾಯ್ಡ್ 14ರಿಂದ ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಬಹುದು. ಹಾಗೆ ಹಿಗ್ಗಿಸಿ ನಾಲ್ಕೂ ಪರದೆ ನೋಡಿ. ಆಮೇಲೆ ಫೋನನ್ನು ಕನ್ನಡವಷ್ಟೇ ಓದುವವರೊಬ್ಬರ ಕೈಗೆ ಕೊಟ್ಟು, ‘ನಾಳೆ ಹಾಸನಕ್ಕೆ ಒಂದು ಸೀಟು ತೆಗೆಯಿರಿ’ ಎನ್ನಿ. ಬೆರಳು ತಡೆದು ನಿಂತ ಜಾಗಗಳನ್ನು ಬರೆದುಕೊಳ್ಳಿ, ಮಧ್ಯೆ ಏನೂ ಹೇಳಿಕೊಡಬೇಡಿ.